ಪಾಳಿಯ ಬಿಲ್ಲೆ

ನಮ್ಮ ಹಾವೇರಿಯ ಮನೆಯಲ್ಲಿ ಒಂದು ಕಬ್ಬಿಣದ ಕಪಾಟಿದೆ. ನನ್ನ ಸೀರೆ ಇಟ್ಟುಕೊಳ್ಳಲೆಂದು ತವರಿನವರು ಮದುವೆಯಲ್ಲಿ ಕೊಟ್ಟದ್ದು. ಅದರ ಮೇಲಿನ ಖಾನೆಗಳಲ್ಲಿ ಈಗ ಸೀರೆಗಳಿಲ್ಲ, ಜಗತ್ತಿನ ಜಗಳಗಳು ಮುಗಿದ ಗುರುತುಗಳಿವೆ. ಎಲ್ಲೆಲ್ಲಿಯೋ ರಾಜರು ಬಡಿದಾಡಿ, ಸಾಕಾಗಿ, ಸಂಧಿ ಮಾಡಿಕೊಂಡಾಗ ಅದರ ನೆನಪಿಗೆಂದು ಅಚ್ಚು ಹಾಕಿಸಿದ ಹಳೆಯ ಪದಕಗಳು ಅವು. ಹೆಚ್ಚಿನವು ಕಂಚಿನವು, ಕೆಲವು ಹಿತ್ತಾಳೆಯವು, ಬೆಳ್ಳಿಯವು ಅಪರೂಪಕ್ಕೆ. ನಮ್ಮ ಮನೆಯವರು ಅವನ್ನು ಒಂದೊಂದಾಗಿ ಕೂಡಿಸುತ್ತ ಬಂದ ಹಾಗೆ ನನ್ನ ಸೀರೆಗಳು ಒಂದೊಂದೇ ಖಾನೆ ಕೆಳಗಿಳಿದು ಕಡೆಗೆ ಟ್ರಂಕು ಸೇರಿದವು. ಈ ಒಪ್ಪಂದಕ್ಕೆ ಮಾತ್ರ ಯಾರೂ ಪದಕ ಹೊಡೆಸಲಿಲ್ಲ ಎಂದು ನಾನು ಇವರಿಗೆ ಆಗಾಗ ಹೇಳುವುದುಂಟು.

ಇವರು ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿದ್ದಾರೆ. ಟೊಮೆಟೊ, ಮೆಣಸಿನಕಾಯಿ, ಹತ್ತಿಯ ಬೀಜ ಬೆಳೆಯುವ ರೈತರ ಹೊಲ ಹೊಲ ತಿರುಗುವುದೇ ಕೆಲಸ. ನಾನು ಹಾವೇರಿಯ ಕೋರ್ಟಿನಲ್ಲಿ ಟೈಪಿಸ್ಟ್. ನನ್ನ ಬೆರಳುಗಳ ಕೆಳಗೆ ದಿನವೂ ಹಾಯುವುದು ಅಣ್ಣತಮ್ಮಂದಿರ ಹಿಸ್ಸೆ, ಹೊಲದ ಬದು, ಬಂಡಿ ದಾರಿ, ಬಚ್ಚಲ ನೀರು. ರಾಜಿ ಅರ್ಜಿಗಳೂ ಬರುತ್ತವೆ. ಬೆಳಿಗ್ಗೆ ರಾಜಿಗೆ ಸಹಿ ಹಾಕಿದವರು ಕೋರ್ಟಿನ ಮೆಟ್ಟಿಲು ಇಳಿಯುವಷ್ಟರಲ್ಲಿ ಮತ್ತೆ ಕೊರಳಪಟ್ಟಿ ಹಿಡಿದದ್ದನ್ನು ಕಿಟಕಿಯಿಂದ ನೋಡಿದ್ದೇನೆ. ಹೀಗಾಗಿ ಸಂಧಿ, ಒಪ್ಪಂದ ಎಂದರೆ ನನಗೆ ಭಕ್ತಿ ಕಡಿಮೆ.

ಒಮ್ಮೆ ಯಾವುದೋ ಹೊಸ ಪದಕ ಬಂದಾಗ ಕೇಳಿಯೇ ಬಿಟ್ಟೆ. "ಇವರೆಲ್ಲಾ ಮುಂದ ಮತ್ತ ಜಗಳಾ ಆಡ್ಲಿಲ್ಲೇನ್ರಿ?"

"ಆಡಿದ್ರು," ಅಂದರು ಇವರು.

"ಮತ್ತ ಇವನ್ನ ಯಾಕ ಕೂಡಸ್ತೀರಿ?"

"ಗೆದ್ದಿದ್ದಕ್ಕ ಪದಕಾ ಹೊಡಸೋರು ಭಾಳ ಮಂದಿ ಅದಾರ. ಸಾಕು ಅಂದಿದ್ದಕ್ಕ ಹೊಡಸಿದ್ದು ಇವಷ್ಟ."

ಸಿಟ್ಟಿನಲ್ಲಿರುವವರಿಗೆ ಇಂಥ ಉತ್ತರ ಕೊಡಬಾರದು. ಸಿಟ್ಟು ಪೂರ್ತಿ ಇಳಿಯುವುದೂ ಇಲ್ಲ, ಮುಂದುವರಿಸಲಿಕ್ಕೆ ದಾರಿಯೂ ಉಳಿಯುವುದಿಲ್ಲ. ನಾನು ಒಳಗೆ ಹೋಗಿ ರೊಟ್ಟಿ ಬಡಿಯಲು ಕೂತೆ.

ಇವರಿಗೆ ಈ ಹುಚ್ಚು ಹತ್ತಿದ್ದು ನನ್ನ ತವರು ಬ್ಯಾಡಗಿಯಲ್ಲಿ, ಅದೂ ನನ್ನನ್ನು ನೋಡಲು ಬಂದ ದಿನ. ಮೆಣಸಿನಕಾಯಿಯ ಹಂಗಾಮು, ಊರು ತುಂಬ ಘಾಟು. ನಮಗೆ ಅದು ಗೊತ್ತೇ ಆಗುವುದಿಲ್ಲ, ಹೊರಗಿನಿಂದ ಬಂದವರು ಸೀನಿ ಸೀನಿ ಸುಸ್ತಾಗುತ್ತಾರೆ. ಗಂಡಿನ ಕಡೆಯವರು ಉಪ್ಪಿಟ್ಟು ತಿಂದು, ಚಹಾ ಕುಡಿದರು, ನಾನು ಬಂದು ಕೂತು ಎದ್ದು ಹೋದೆ. ಆಮೇಲೆ ನೋಡಿದರೆ ವರನೇ ಇಲ್ಲ. ಸೀನು ತಡೆಯದೆ ಹೊರಗೆ ಹೋದವರು ಮರಳಿ ಬಂದಿರಲಿಲ್ಲ. ಹುಡುಗಿ ಮನಸ್ಸಿಗೆ ಬಂದಿಲ್ಲವೆಂದು ಅವ್ವ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡಳು. ಅಪ್ಪ ಹುಡುಕುತ್ತ ಹೋದರೆ, ನಮ್ಮ ಓಣಿಯ ತುದಿಯ ಹಳೆ ತಾಮ್ರ ಹಿತ್ತಾಳೆಯ ಅಂಗಡಿಯಲ್ಲಿ, ಗೋಣಿಚೀಲದ ಮೇಲೆ ಕೂತು, ಇವರು ಒಂದು ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರಂತೆ. ಅದರ ಮೇಲೆ ಒಂದನ್ನೊಂದು ಹಿಡಿದ ಎರಡು ಕೈಗಳಿದ್ದವು.

ಅಂಗಡಿಯ ಸಾಹೇಬರು ನಮಗೆ ಬಳಕೆಯವರು. ಮನೆಯಲ್ಲಿ ಉರ್ದು, ಗಿರಾಕಿಗಳೊಡನೆ ಅಪ್ಪಟ ಬ್ಯಾಡಗಿ ಕನ್ನಡ. "ಹುಡುಗೀನ ನೋಡಾಕ ಬಂದು ಹಿತ್ತಾಳಿ ನೋಡ್ಕೋತ ಕುಂತೀರಲ್ರಿ ದುಲ್ಹೇಮಿಯಾ," ಎಂದು ಅವರು ಮದುಮಗನನ್ನು ನೋಡಿ ನಕ್ಕರಂತೆ. ಬಿಲ್ಲೆಗೆ ದುಡ್ಡು ತೆಗೆದುಕೊಳ್ಳಲಿಲ್ಲ. "ಮದುವಿ ಆದ್ರ ಇದು ನನ್ನ ಆಯೇರಿ. ಆಗಲಿಲ್ಲಂದ್ರ ಲಗೂನ ತಂದು ಕೊಡ್ರಿ," ಅಂದರು.

ಮದುವೆಯಾಯಿತು. ಬಿಲ್ಲೆ ಮರಳಿ ಕೊಡುವುದು ತಪ್ಪಲೆಂದೇ ನನ್ನನ್ನು ಒಪ್ಪಿಕೊಂಡಿರಿ ಎಂದು ನಾನು ಈಗಲೂ ಇವರನ್ನು ಕಾಡುತ್ತೇನೆ. ಇವರು ಇಲ್ಲ ಅನ್ನುವುದಿಲ್ಲ.

ನಾನು ಎಷ್ಟೇ ಅಂದರೂ, ಇವರು ಪದಕ ಕೂಡಿಸುವ ರೀತಿ ನೋಡುವಂಥದ್ದು. ಅವಸರವೇ ಇಲ್ಲ. ಹೊಲದಲ್ಲಿ ಹೂವಿಗೆ ಹೂವು ಮುಟ್ಟಿಸಿ ಕಾಯಿ ಕಟ್ಟುವುದನ್ನು ಕಾಯುವ ಮನುಷ್ಯನಿಗೆ ಕಾಯುವುದು ಬರುತ್ತದೆ. ಹುಬ್ಬಳ್ಳಿಯ ಹಳೆ ಸಾಮಾನಿನವರು, ನಾಣ್ಯದ ಸಂತೆಗೆ ಬರುವವರು, ಈಗ ಈಗ ಮೊಬೈಲಿನಲ್ಲಿ ನಡೆಯುವ ಹರಾಜು, ಎಲ್ಲ ಕಡೆ ಇವರ ಕಣ್ಣಿದೆ. ಮಾರುವವನಿಗೆ ತನ್ನ ಕೈಯಲ್ಲಿರುವುದು ಏನೆಂದು ಗೊತ್ತಿಲ್ಲದಿದ್ದರೆ ಇವರೇ ಕೂತು ಹೇಳುತ್ತಾರೆ, ಆಮೇಲೆ ಅವನು ಬೆಲೆ ಏರಿಸಿದರೆ ಬರಿಗೈಯಲ್ಲಿ ಬರುತ್ತಾರೆ. ನಾನಾಗಿದ್ದರೆ ಬಾಯಿ ಮುಚ್ಚಿಕೊಂಡು ತರುತ್ತಿದ್ದೆ. ಮನೆಗೆ ಬಂದದ್ದನ್ನು ಅಂಚಿನಲ್ಲಿ ಮಾತ್ರ ಹಿಡಿಯುತ್ತಾರೆ. ಮುಖಕ್ಕೆ ಬೆರಳು ತಾಗಿಸುವುದಿಲ್ಲ.

ರವಿವಾರ ಮಧ್ಯಾಹ್ನ ಕಪಾಟು ತೆರೆದು ಒಂದೊಂದನ್ನೇ ತೋರಿಸುವಾಗ ನಾನೂ ಮೆಲ್ಲಗೆ ಹತ್ತಿರ ಸರಿದು ಕೂತಿದ್ದೇನೆ. ಒಂದರಲ್ಲಿ ಒಬ್ಬ ಹೆಂಗಸು ಕತ್ತಿ ಗುರಾಣಿಗಳ ರಾಶಿಗೆ ಪಂಜು ಹಿಡಿದು ಬೆಂಕಿ ಇಡುತ್ತಿದ್ದಾಳೆ. ಇನ್ನೊಂದರಲ್ಲಿ ಸೈನಿಕನ ಲೋಹದ ಟೊಪ್ಪಿಗೆ ನೆಲಕ್ಕೆ ಬಿದ್ದಿದೆ, ಅದರೊಳಗೆ ಜೇನು ಗೂಡು ಕಟ್ಟಿದೆ. ಹುಳುಗಳ ರೆಕ್ಕೆ ಸಹ ಕಾಣುತ್ತದೆ. ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಅಷ್ಟೆಲ್ಲ ಕೆತ್ತಿದ ಕೈ ಯಾವುದೋ, ಎಂಥ ಕಣ್ಣೋ ಎಂದು ನನಗೆ ಆಶ್ಚರ್ಯ. ನೋಡುತ್ತ ನೋಡುತ್ತ ಒಲೆಯ ಮೇಲಿನ ಹಾಲು ಉಕ್ಕಿಸಿದ್ದೂ ಇದೆ.

ಇಷ್ಟಿದ್ದರೂ ಇವರಿಗೆ ಒಂದು ಕೊರಗಿತ್ತು. ಕಪಾಟಿನಲ್ಲಿರುವುದೆಲ್ಲ ದೂರದ ಊರುಗಳದ್ದು, ಯಾರದೋ ಮೇಜಿನ ಖಾನೆಯಲ್ಲಿದ್ದು ಬಂದದ್ದು. ಮೊದಲನೆಯ ಮಹಾಯುದ್ಧ ಮುಗಿದು ಸಂಧಿಯಾದಾಗ ಸರಕಾರ ಶಾಲೆಯ ಮಕ್ಕಳಿಗೂ ಪದಕ ಹಂಚಿತ್ತೆಂದು ಇವರು ಎಲ್ಲೋ ಓದಿದ್ದರು. ನಮ್ಮ ಸೀಮೆ ಆಗ ಬ್ರಿಟಿಷರ ಮುಂಬೈ ಪ್ರಾಂತ್ಯದಲ್ಲಿತ್ತು. ಹಾಗಾದರೆ ನಮ್ಮ ಹಳ್ಳಿಯ ಹುಡುಗರ ಕೈಗೂ ಅವು ಬಂದಿರಬೇಕಲ್ಲ? "ನಮ್ಮ ಮಣ್ಣಿನ ಹುಡುಗನ ಕೈಯಾಗ ಬಿದ್ದಿದ್ದು ಒಂದು ಸಿಕ್ರ ಸಾಕು ನೋಡು," ಅನ್ನುತ್ತಿದ್ದರು. ಅದಕ್ಕಾಗಿ ಇವರು ಮುಟ್ಟದ ಗುಜರಿ ಅಂಗಡಿ ಉಳಿದಿಲ್ಲ.

ಅದು ಸಿಕ್ಕಿದ್ದು ರಾಣೆಬೆನ್ನೂರಿನ ಹತ್ತಿರದ ಹಲಗೇರಿಯಲ್ಲಿ. ಟೊಮೆಟೊ ಬೀಜ ಬೆಳೆಯುವ ಒಂದು ಮನೆಗೆ ಇವರು ಮಹಾನವಮಿಯ ದಿನ ಹೋಗಿದ್ದರು. ಅಂದು ಎಲ್ಲರ ಮನೆಗಳಲ್ಲಿ ಆಯುಧ ತೊಳೆದು ಪೂಜೆಗೆ ಇಡುತ್ತಾರೆ. ಕುಡುಗೋಲು, ಕೊಡಲಿ, ಗುದ್ದಲಿಗಳ ನಡುವೆ, ಒಂದು ಮಣೆಯ ಮೇಲೆ, ಸೇವಂತಿಗೆ ಹೂವಿನ ಕೆಳಗೆ ಒಂದು ಬಿಲ್ಲೆ ಹೊಳೆಯುತ್ತಿತ್ತು. ಹೂವು ಸರಿಸಿ ನೋಡಿದರೆ ನಿಂತ ಹೆಂಗಸಿನ ಆಕಾರ, ಕೈಯಲ್ಲಿ ಒಂದು ಟೊಂಗೆ. ಅಂಚಿನ ಇಂಗ್ಲಿಷ್ ಅಕ್ಷರಗಳಲ್ಲಿ ಶಾಂತಿ ಎನ್ನುವ ಮಾತೊಂದೇ ಓದಲು ಬರುವಷ್ಟು ಉಳಿದಿತ್ತು. ಆ ದಿನ ಮನೆಗೆ ಮರಳಿದ ಇವರು ಅದೇ ಗುಂಗಿನಲ್ಲಿ ಊಟ ಮಾಡುವಾಗ ಪಲ್ಯಕ್ಕೆ ಮಜ್ಜಿಗೆ ಹಾಕಿಕೊಂಡರು.

ಆ ಮನೆಯ ಯಜಮಾನಿ ಅರವತ್ತು ದಾಟಿದವರು. ಬಿಲ್ಲೆಯ ಕಥೆ ಅವರೇ ಹೇಳಿದ್ದು. ಅವರ ಮಾವನ ಅಪ್ಪ ಹುಡುಗನಾಗಿದ್ದಾಗ ಶಾಲೆಗೆ ಹೋಗುತ್ತಿದ್ದನಂತೆ. ಒಂದು ದಿನ ಶಾಲೆಯಲ್ಲಿ ಸಕ್ಕರೆ ಹಂಚಿ, ಹುಡುಗರಿಗೆಲ್ಲ ಬಿಲ್ಲೆ ಕೊಟ್ಟರಂತೆ. ಉಳಿದ ಹುಡುಗರು ಆಡಿ ಕಳೆದರು. ಈತ ಮಾತ್ರ ಮನೆಗೆ ತಂದು ದೇವರ ಜಗಲಿಯ ಮೇಲೆ ಇಟ್ಟ. ಯಾಕೆಂದರೆ ಅದರಲ್ಲಿ ದೇವಿ ಇದ್ದಳು.

"ಬನ್ನಿ ಮಹಾಂಕಾಳಿ, ತಮ್ಮಾ," ಅಂದರಂತೆ ಆಕೆ. "ಕೈಯಾಗ ಬನ್ನಿ ಟೊಂಗಿ ಹಿಡದಾಳ ನೋಡು."

ಟೊಂಗೆ ಬನ್ನಿಯದಲ್ಲ, ಆಲಿವ್ ಎನ್ನುವ ಪರದೇಶದ ಗಿಡದ್ದು. ಆ ಹೆಂಗಸು ಮಹಾಂಕಾಳಿಯಲ್ಲ, ಶಾಂತಿಯ ಮೂರ್ತಿ. ಇವರಿಗೆ ಅದು ಚೆನ್ನಾಗಿ ಗೊತ್ತು. ಹೇಳಲಿಲ್ಲ. ಯಾಕೆ ಹೇಳಲಿಲ್ಲವೆಂದು ನಾನು ಕೇಳಿದೆ.

"ಏನಂತ ಹೇಳ್ಲಿ? ಅಲ್ಲಿ ಮಂದಿ ಆ ಟೊಂಗಿ ಕೊಟ್ಟು ಇನ್ನ ಜಗಳಾ ಬ್ಯಾಡ ಅಂತಾರ. ನಾವು ಬನ್ನಿ ಕೊಟ್ಟು ಅದನ್ನೇ ಅಂತೇವಿ. ಆ ಅಜ್ಜ ಸಣ್ಣ ಹುಡುಗ ಇದ್ದಾಗ ನಮಗಿಂತಾ ಚಲೋ ತಿಳಕೊಂಡಾನ," ಅಂದರು.

ಆ ಮನೆಯಲ್ಲಿ ಬಿಲ್ಲೆಗೆ ಒಂದು ರೂಢಿಯಿತ್ತು. ಆಕೆಯ ಗಂಡ ಮತ್ತು ಮೈದುನ ಬೇರೆಯಾದಾಗ ಹೊಲ, ಎತ್ತು, ಭಾಂಡೆ, ಹಗೇವಿನ ಜೋಳ ಎಲ್ಲ ಎರಡು ಪಾಲಾಯಿತು. ದೊಡ್ಡ ಮನೆಯ ನಡುವೆ ಗೋಡೆ ಎದ್ದಿತು. ಬಿಲ್ಲೆಯನ್ನು ಮಾತ್ರ ಒಡೆಯಲು ಬರಲಿಲ್ಲ. ಹಿರಿಯರು ಕೂತು ಪಾಳಿ ಮಾಡಿದರು. ಒಂದು ವರ್ಷ ಅಣ್ಣನ ಮನೆಯಲ್ಲಿ, ಒಂದು ವರ್ಷ ತಮ್ಮನ ಮನೆಯಲ್ಲಿ. ದೇವಿಯ ಕೈಯಲ್ಲಿ ಬನ್ನಿ ಇದ್ದುದರಿಂದ ಬನ್ನಿ ಹಬ್ಬದ ಸಂಜೆಯೇ ಆಕೆ ಮನೆ ಬದಲಿಸಬೇಕು. ಇದ್ದ ಮನೆಯ ಸೊಸೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ, ಬನ್ನಿ ಎಲೆಯೊಡನೆ ತಾನೇ ಒಯ್ದು ನೆಗೆಣ್ಣಿಯ, ಎಂದರೆ ವಾರಗಿತ್ತಿಯ, ಕೈಗೆ ಕೊಡಬೇಕು. ಗಂಡಸರು ಮುಟ್ಟುವಂತಿಲ್ಲ. ಮಂಕಾದ ದೇವಿಯನ್ನು ಕೊಟ್ಟರು ಅನ್ನಿಸಿಕೊಳ್ಳಬಾರದೆಂದು ಇಬ್ಬರು ನೆಗೆಣ್ಣಿಯರೂ ಪೈಪೋಟಿಯಿಂದ ತಿಕ್ಕುತ್ತಿದ್ದರು.

ಅದನ್ನು ನನಗೆ ಕೊಡುತ್ತೀರಾ ಎಂದು ಇವರು ಒಮ್ಮೆ ಕೇಳಿ ಬೈಸಿಕೊಂಡರು. "ದೇವೀನ ಕೇಳತಾರೇನೋ ತಮ್ಮಾ?" ಅಂದಿದ್ದರು ಆಕೆ. ಆಮೇಲೆ ಕೇಳಲಿಲ್ಲ. ಪ್ರತಿ ಮಹಾನವಮಿಗೆ ಹೋಗಿ, ಅದು ಯಾರ ಮನೆಯಲ್ಲಿದೆಯೋ ಅಲ್ಲಿ ನೋಡಿ, ಪಾಯಸ ಉಂಡು ಬರುತ್ತಿದ್ದರು. ಬೇಕೆನಿಸಿದ ವಸ್ತುವನ್ನು ಹೀಗೆ ವರ್ಷಕ್ಕೊಮ್ಮೆ ಕಣ್ತುಂಬ ನೋಡಿ ಬಿಟ್ಟು ಬರಲು ನನಗಂತೂ ಆಗುವುದಿಲ್ಲ. ಅಂಗಡಿಯ ಗಾಜಿನ ಹಿಂದಿನ ಸೀರೆಯನ್ನೂ ನಾನು ಹಾಗೆ ಬಿಟ್ಟು ಬಂದವಳಲ್ಲ.

ಹೀಗಿರುವಾಗ ಒಂದು ಮಳೆಗಾಲ ಆ ಎರಡು ಮನೆಗಳ ನಡುವಿನ ಮಣ್ಣಿನ ಗೋಡೆ ಕುಸಿಯಿತು. ಮತ್ತೆ ಕಟ್ಟುವಾಗ ಬುನಾದಿ ಒಂದು ಗೇಣು ನಮ್ಮ ಕಡೆ ಸರಿಯಿತೆಂದು ಅಣ್ಣನ ಮನೆಯವರು, ಇಲ್ಲ ನಮ್ಮ ಕಡೆ ಸರಿಯಿತೆಂದು ತಮ್ಮನ ಮನೆಯವರು. ಮಾತಿಗೆ ಮಾತು ಬೆಳೆದು ಕೋರ್ಟು ಸೇರಿದರು. ನೆಗೆಣ್ಣಿಯರ ನಡುವೆ ಮಾತು ನಿಂತಿತು. ಹಾಗಿದ್ದೂ ಬನ್ನಿ ಹಬ್ಬದ ಸಂಜೆ ಬಿಲ್ಲೆ ಹೋಗುತ್ತಿತ್ತು, ಬರುತ್ತಿತ್ತು. ಬಾಗಿಲಲ್ಲಿ ನಿಂತು ಕೈಗೆ ಕೊಟ್ಟು, ಬಾಯಿ ತೆರೆಯದೆ ಹೊರಳುತ್ತಿದ್ದರಂತೆ. ವರ್ಷದಲ್ಲಿ ಅವರು ಎದುರು ಬದುರು ನಿಲ್ಲುತ್ತಿದ್ದುದು ಅದೊಂದೇ ಸಲ.

ಕಳೆದ ವರ್ಷ ಕೆಳಗಿನ ಕೋರ್ಟಿನಲ್ಲಿ ತಮ್ಮನ ಮನೆಯವರು ಗೆದ್ದರು. ಸೋತವರು ಮೇಲ್ಮನವಿ ತಂದದ್ದು ನಮ್ಮ ಹಾವೇರಿಗೆ. ಇವರು ಹೇಳಿದ್ದರಿಂದ ವಿಚಾರಣೆಯ ದಿನ ನಾನು ಕೆಲಸ ಬಿಟ್ಟು ವರಾಂಡಕ್ಕೆ ಬಂದು ನೋಡಿದೆ. ಇಬ್ಬರು ನೆಗೆಣ್ಣಿಯರೂ ಒಂದೇ ಬಸ್ಸಿನಲ್ಲಿ ಬಂದಿಳಿದಿದ್ದರು. ಹಿರಿಯವರು ಈ ಕಂಬಕ್ಕೆ, ಕಿರಿಯವರು ಆ ಕಂಬಕ್ಕೆ ಆತುಕೊಂಡು, ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂತಿದ್ದರು. ಇಬ್ಬರ ಮಡಿಲಲ್ಲೂ ಒಂದೇ ತರಹದ ಬುತ್ತಿಗಂಟು. ಇಂಥವರನ್ನು ನಾನು ಎಷ್ಟೋ ಜನ ನೋಡಿದ್ದೇನೆ. ಈ ಇಬ್ಬರು ಇನ್ನು ಒಂದಾಗುವವರಲ್ಲ ಎಂದುಕೊಂಡು ಒಳಗೆ ಹೋದೆ.

ಆ ವರ್ಷ ಬಿಲ್ಲೆ ಹಿರಿಯವರ ಮನೆಯಲ್ಲಿತ್ತು. ನವರಾತ್ರಿಯಲ್ಲಿ ಆಕೆಯ ಫೋನು ಬಂತು. ಇವರು ಸ್ನಾನಕ್ಕೆ ಹೋಗಿದ್ದರಿಂದ ಎತ್ತಿಕೊಂಡವಳು ನಾನು.

"ಬೀಜದ ಸಾಹೇಬನ ಮನಿಯಾಕಿ ಏನವ್ವಾ? ಬನ್ನಿ ಹಬ್ಬದ ದಿನ ಇಬ್ರೂ ಬರ್ರಿ. ದೇವೀನ ಒಯ್ಯಿರಿ. ಗ್ವಾಡಿ ಗೆದ್ದಾರ ಅವರು, ದೇವೀನೂ ಅವರಿಗೇ ಕೊಡ್ಲೇನ? ಕೊಡಂಗಿಲ್ಲ ನಾ. ನಿಮ್ಮ ಮನ್ಯಾಗ ಇರ್ಲಿ."

ನಾನು ಬಚ್ಚಲ ಬಾಗಿಲು ಬಡಿದು ಇವರಿಗೆ ಸುದ್ದಿ ಹೇಳಿದೆ. ಒಳಗೆ ನೀರಿನ ಸದ್ದು ನಿಂತಿತು. "ಖರೇನ?" ಎಂದು ಕೇಳಿಸಿತು.

ನನಗಂತೂ ಕುಣಿಯುವಷ್ಟು ಸಂತೋಷ. ಕಪಾಟಿನ ನಟ್ಟನಡುವೆ ಜಾಗ ಬಿಡಿಸಿದೆ. ನನ್ನ ಹಳೆಯ ಇಳಕಲ್ ಸೀರೆಯ ಸೆರಗನ್ನು ಕತ್ತರಿಸಿ ಹಾಸಿದೆ. ಮಾತು ಬಿಟ್ಟ ಎರಡು ಮನೆಗಳ ನಡುವೆ ಓಡಾಡುವುದಕ್ಕಿಂತ ಅದು ನಮ್ಮಲ್ಲಿ ಸುಖವಾಗಿರುತ್ತದೆ ಎಂದೆ. ಇವರು ಹೂಂ ಅಂದರು. ಸೆರಗಿನ ತುಂಡನ್ನು ಬೆರಳಿನಿಂದ ಸವರಿದರು. ಸಂತೋಷ ಹೆಚ್ಚಾದಾಗ ಇವರು ಸುಮ್ಮನಾಗುತ್ತಾರೆ, ಅದಕ್ಕೇ ಇರಬೇಕು ಅಂದುಕೊಂಡೆ. ಹಬ್ಬದ ದಿನ ಹಾವೇರಿಯಿಂದ ರಾಣೆಬೆನ್ನೂರಿನ ತನಕ ಬಸ್ಸಿನಲ್ಲೂ ಮಾತಿಲ್ಲ, ಅಲ್ಲಿಂದ ಹಲಗೇರಿಯವರೆಗೆ ಆಟೋದಲ್ಲೂ ಇಲ್ಲ.

ನಾವು ಮುಟ್ಟಿದಾಗ ಹೊತ್ತು ಇಳಿದಿತ್ತು. ಊರೆಲ್ಲ ಬಾಗಿಲು ತೆರೆದಿದ್ದರೆ ಆಕೆಯ ಬಾಗಿಲು ಹಾಕಿತ್ತು. ತಟ್ಟಿದ ಮೇಲೆ ತೆರೆದರು. "ಬರ್ರಿ, ಕುಂದ್ರಿ," ಎಂದು ಕಂಬಳಿ ಹಾಸಿದರು. ಮಣೆಯ ಮೇಲೆ ಬಿಲ್ಲೆ ಇತ್ತು. ಬೆಳಗಿನಿಂದ ತಿಕ್ಕಿರಬೇಕು, ಬಂಗಾರದ ಹಾಗೆ ಹೊಳೆಯುತ್ತಿತ್ತು. ಬಾಗಿ ನೋಡಿದೆ. ದೇವಿಗೆ ಮುಖವಿರಲಿಲ್ಲ. ಕಣ್ಣು, ಮೂಗು, ಬಾಯಿ ಎಲ್ಲ ಸವೆದು ನುಣ್ಣಗಾಗಿ, ಕೈಯಲ್ಲಿನ ಟೊಂಗೆಯ ಗೆರೆಯಷ್ಟೇ ಉಳಿದಿತ್ತು. ಹರಾಜಿನವರ ಕಣ್ಣಿಗೆ ಅದು ಕಾಸಿಗೂ ಬೇಡವಾದದ್ದು. ನಮ್ಮವರಿಗೆ ಅದೇ ಬೇಕಾಗಿತ್ತು.

ಆಕೆ ನನಗೆ ಮಣೆ ಹಾಕಿ, ಕುಂಕುಮ ಹಚ್ಚಿದರು. "ಸೆರಗು ಒಡ್ಡು ತಂಗಿ. ದೇವೀನ ನಿನ್ನ ಉಡ್ಯಾಗ ಹಾಕ್ತೇನಿ. ಮಗಳನ್ನ ಕಳಿಸಿದಂಗ ಕಳಸ್ತೇನಿ," ಅಂದರು. ಅಕ್ಕಿ ಹಾಕಿದರು, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ ಅಡಿಕೆ, ಕುಪ್ಪಸದ ಖಣ ಹಾಕಿದರು. ಕಡೆಗೆ ಬಿಲ್ಲೆಯನ್ನು ಎತ್ತಿಕೊಂಡರು.

"ಒಂದಿಷ್ಟು ನನ್ನ ಕೈಯಾಗ ಕೊಡ್ರಿ ಯವ್ವಾ," ಅಂದರು ನಮ್ಮವರು.

ಗಂಡಸಿನ ಕೈಗೆ ಕೊಡಲೋ ಬೇಡವೋ ಎಂದು ಅನುಮಾನಿಸಿ, ಕಡೆಗೆ ಕೊಟ್ಟರು. ಇವರು ಅಂಚಿನಲ್ಲಿ ಹಿಡಿದರು, ತಿರುಗಿಸಿದರು, ಬಾಗಿಲ ಬೆಳಕಿಗೆ ಒಯ್ದು ನೋಡಿದರು. ಅಷ್ಟು ವರ್ಷ ಹುಡುಕಿದ್ದು ಕೈಯಲ್ಲಿತ್ತು. ಆಮೇಲೆ ಕೇಳಿದರು, "ಈ ಸಲ ಪಾಳಿ ಯಾರ್ದ್ರಿ?"

"ನಿನಗ ಗೊತ್ತಿಲ್ಲೇನ?"

"ನಿಮ್ಮ ಬಾಯಿಂದ ಕೇಳಬೇಕು."

"ಅವರ್ದು," ಎಂದು ಆಕೆ ಗೋಡೆಯ ಕಡೆ ನೋಡಿ ಹೇಳಿದರು.

ಇವರು ಬಂದು ಬಿಲ್ಲೆಯನ್ನು ಮಣೆಯ ಮೇಲೆ ಇಟ್ಟರು. "ಹಂಗಾರ ಇದು ನನಗ ಬರಂಗಿಲ್ರಿ. ನಮ್ಮ ಮನ್ಯಾಗ ಇರೋವೆಲ್ಲಾ ರಿಟೈರ್ ಆಗ್ಯಾವ. ಅವನ್ನ ಯಾರೂ ಕೇಳಂಗಿಲ್ಲ, ಕಪಾಟಿನ್ಯಾಗ ಕುಂತಾವ. ಇದು ಇನ್ನೂ ನೌಕರಿ ಮಾಡಾಕತ್ತೈತಿ. ನೌಕರಿ ಬಿಡಿಸಿ ಹೆಂಗ ಒಯ್ಯಲಿ?"

ಉಡಿಯಲ್ಲಿ ಅಕ್ಕಿ, ಕೊಬ್ಬರಿ ತುಂಬಿಕೊಂಡು ಸೆರಗೊಡ್ಡಿ ಕೂತ ನನ್ನ ಅವಸ್ಥೆ ಕೇಳಬೇಡಿ. ಇವರನ್ನು ಅಲ್ಲಿಯೇ ಚಿವುಟಬೇಕೆನ್ನಿಸಿತು. ಇಲ್ಲಿಯವರೆಗೆ ಬಂದು ಈಗ ಬೇಡ ಅನ್ನುವ ಮನುಷ್ಯನಿಗೆ ಏನನ್ನಬೇಕು?

ಆಕೆಗೂ ಸಿಟ್ಟು ಬಂತು. "ಸೋತ ಮಾರಿ ಹೊತಗೊಂಡು ನಾ ಅಕಿ ಬಾಗಲಿಗೆ ಹೋಗ್ಲೇನ?"

"ನೀವ್ಯಾಕ ಹೋಗ್ತೀರಿ ಯವ್ವಾ? ಹೋಗಾಕಿ ದೇವಿ. ಪಾಳಿ ಆಕೀದು. ನೀವು ಆಕೀ ಜೋಡಿ ಹೋಗಿ ಬರೋದು ಅಷ್ಟ."

ಓಣಿಯಲ್ಲಿ ಜನ ಒಬ್ಬರಿಗೊಬ್ಬರು ಬನ್ನಿ ಕೊಟ್ಟು, ಬಂಗಾರದಾಂಗ ಇರೂಣು ಅನ್ನುವ ದನಿ ಒಳಗೆ ಕೇಳುತ್ತಿತ್ತು. ಆಕೆ ನನ್ನ ಕಡೆ ತಿರುಗಿದರು. "ನೀ ಕೋರ್ಟಿನ್ಯಾಗ ಇರಾಕಿ. ನೀ ಏನಂತೀ ತಂಗಿ?"

ಒಯ್ದೇ ಬಿಡೋಣ ಅನ್ನಬೇಕೆಂದು ಬಾಯಿ ತೆರೆದವಳು ನಾನು. ಆಕೆಯ ಮುಖ ನೋಡಿದೆ. ಬೇರೆಯೇ ಮಾತು ಬಂತು. "ಕೋರ್ಟಿನ್ಯಾಗ ನಡದಿದ್ದು ಗ್ವಾಡಿದು ಅಷ್ಟರಿ ಅವ್ವಾರ. ದೇವಿ ಬಗ್ಗೆ ಯಾರೂ ದಾವಾ ಹಾಕಿಲ್ಲ, ಯಾರೂ ಗೆದ್ದಿಲ್ಲ, ಯಾರೂ ಸೋತಿಲ್ಲ."

ಆಕೆ ಎದ್ದು, ಸೆರಗು ತಲೆ ತುಂಬ ಹೊದ್ದು, ಬನ್ನಿ ಎಲೆಗಳ ನಡುವೆ ಬಿಲ್ಲೆ ಇಟ್ಟುಕೊಂಡು ಹೊರಬಿದ್ದರು. "ನೀವೂ ಬರ್ರಿ," ಅಂದರು ನಮಗೆ, ಬೈಯುವ ದನಿಯಲ್ಲಿ. ನಾವು ಹಿಂದೆ ನಡೆದೆವು. ನಮ್ಮವರು ಬರಿಗೈ ಬೀಸಿಕೊಂಡು, ಮನೆಯಲ್ಲಿ ಮದುವೆ ಇದ್ದವರ ಹಾಗೆ ಹೊರಟಿದ್ದರು. ನಾನು ಎಷ್ಟೋ ವಕೀಲರನ್ನು, ಎಷ್ಟೋ ಪಂಚರನ್ನು ನೋಡಿದವಳು. ಇಂಥ ಮನುಷ್ಯನನ್ನು ನೋಡಿರಲಿಲ್ಲ. ಅವನು ನನ್ನ ಗಂಡನೇ ಆಗಿದ್ದಾನೆಂದು ನನಗೆ ಆ ಓಣಿಯಲ್ಲಿ ಬಹಳ ಹೆಮ್ಮೆಯಾಯಿತು.

ಪಕ್ಕದ ಬಾಗಿಲು ತೆರೆದಿತ್ತು. ಅಂಗಳ ಸಾರಿಸಿ ರಂಗೋಲಿ ಹಾಕಿತ್ತು. ಹೊಸ್ತಿಲ ಒಳಗೆ ತೊಳೆದ ಮಣೆ, ಅದರ ಮೇಲೆ ಅಕ್ಕಿ, ಹಚ್ಚಿದ ದೀಪ. ಆ ಮಣೆಯ ಹಿಂದೆ ಕಿರಿಯ ನೆಗೆಣ್ಣಿ ಗೋಡೆಗೆ ಆತು ಕೂತಿದ್ದರು. ಹಿರಿಯವರು ಈ ಸಲ ದೇವಿಯನ್ನು ಕೊಡುವುದಿಲ್ಲವೆಂದು ಊರಿಗೆಲ್ಲ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದರೂ ಉಪವಾಸವಿದ್ದು, ಮಣೆ ಹಾಕಿಕೊಂಡು ಕಾಯುತ್ತಿದ್ದರು. ನಮ್ಮನ್ನು ಕಂಡು ದಿಗ್ಗನೆ ಎದ್ದರು.

ಇಬ್ಬರೂ ಹೊಸ್ತಿಲ ಆಚೆ ಈಚೆ ನಿಂತರು.

"ತಡಾ ಆತು," ಅಂದರು ಕಿರಿಯವರು.

"ಇವರ ಬಸ್ಸು ತಡಾ ಆತಂತ," ಅಂದರು ಹಿರಿಯವರು. ನಮ್ಮ ಬಸ್ಸು ಹೊತ್ತಿಗೆ ಸರಿಯಾಗಿಯೇ ಬಂದಿತ್ತು. ನಾವು ತಲೆ ಅಲ್ಲಾಡಿಸಿದೆವು.

ಬನ್ನಿ ಎಲೆಯೊಡನೆ ಬಿಲ್ಲೆ ಕೈ ದಾಟಿತು. ಕಿರಿಯವರು ಅದನ್ನು ಮಣೆಯ ಮೇಲಿಟ್ಟು, ಬಂದು ಬಾಗಿ ಕಾಲು ಮುಟ್ಟಿದರು. ಹಿರಿಯವರ ಕೈ ಅವರ ತಲೆಯ ಮೇಲೆ ಒಂದು ಗಳಿಗೆ ಹಾಗೆಯೇ ಇತ್ತು. ಇನ್ನು ಹೊರಳಿ ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ಇಬ್ಬರೂ ದೀಪದ ಹತ್ತಿರ ಬಗ್ಗಿ ಬಿಲ್ಲೆಯನ್ನು ನೋಡುತ್ತ ನಿಂತರು.

"ಅಕ್ಕಾ," ಅಂದರು ಕಿರಿಯವರು, "ದೇವಿ ಮಾರಿ ಪೂರಾ ಹೋಗೇತಲ್ಲ."

"ನಾವ ಅಲ್ಲೇನ ತಿಕ್ಕಿ ತಿಕ್ಕಿ ಸವಸಿದಾಕ್ಯಾರು? ನಾ ಒಂದು ವರ್ಷ, ನೀ ಒಂದು ವರ್ಷ."

ಕಿರಿಯವರು ಬೆರಳಿನಿಂದ ಆ ನುಣುಪು ಮುಖವನ್ನು ಸವರಿದರು.

"ಬರೋ ವರ್ಷ ಬರೇ ನೀರಾಗ ತೊಳದು ತರ್ತೇನಿ ಅಕ್ಕಾ," ಅಂದರು.